ಪ್ರಶ್ನೆ ಕಷ್ಟವೋ, ಅನ್ಯಾಯವೋ?

ರಾತ್ರಿಯ ಊಟ ಮುಗಿದಿದೆ. ಟಿ.ವಿ.ಯಲ್ಲಿ ರಸಪ್ರಶ್ನೆ ಕಾರ್ಯಕ್ರಮ ನಡೆಯುತ್ತಿದೆ. ಸ್ಪರ್ಧಿಯೊಬ್ಬರು ಹತ್ತು ಸಾವಿರ ರೂಪಾಯಿಯ ಪ್ರಶ್ನೆಗೇ ತಡವರಿಸಿ ಎದ್ದು ಹೋಗುತ್ತಾರೆ. "ಇಷ್ಟು ಸುಲಭದ್ದೂ ಗೊತ್ತಿಲ್ಲವೇ!" ಎಂದು ಮಗ ನಗುತ್ತಾನೆ. "ಪಾಪ, ಇವರಿಗೆ ಮಾತ್ರ ಕಷ್ಟದ್ದು ಕೇಳಿದರು. ನಿನ್ನೆಯವರಿಗೆ ಎಷ್ಟು ಸುಲಭದ್ದಿತ್ತು" ಎಂದು ಅತ್ತೆ ಸಿಡುಕುತ್ತಾರೆ. "ಎಲ್ಲ ಮೊದಲೇ ಹೇಳಿಕೊಟ್ಟಿರುತ್ತಾರೆ" ಎಂಬುದು ಮನೆ ಯಜಮಾನರ ತೀರ್ಪು. ನೀವು ಮಾತ್ರ ಸುಮ್ಮನಿರುತ್ತೀರಿ. ಉತ್ತರ ನಿಮಗೆ ಗೊತ್ತಿತ್ತೇ ಎಂದು ಯಾರೂ ಕೇಳಿರುವುದಿಲ್ಲ.

ನಿಮ್ಮ ಮನೆಯಲ್ಲೂ ಇಂತಹ ಚರ್ಚೆ ನಡೆದಿರಬಹುದು. ಸ್ವಲ್ಪ ಗಮನಿಸಿ ನೋಡಿ, ಇಲ್ಲಿ ಮೂವರು ಹೇಳಿದ್ದು ಮೂರು ಬೇರೆ ಬೇರೆ ಮಾತು. ಪ್ರಶ್ನೆ ಸುಲಭ ಎಂದದ್ದು ಒಂದು. ಎಲ್ಲರಿಗೂ ಒಂದೇ ಅಳತೆಗೋಲು ಇಲ್ಲ ಎಂದದ್ದು ಇನ್ನೊಂದು. ಇಡೀ ಆಟವೇ ಮೋಸ ಎಂದದ್ದು ಮತ್ತೊಂದು. ನಾವು ಈ ಮೂರನ್ನೂ ಒಂದೇ ಪಾತ್ರೆಗೆ ಹಾಕಿ ಕಲಸಿಬಿಡುತ್ತೇವೆ. ಆದರೆ ಕಷ್ಟ ಬೇರೆ, ಅನ್ಯಾಯ ಬೇರೆ. ಈ ವ್ಯತ್ಯಾಸ ತಿಳಿದುಕೊಂಡರೆ ಟಿ.ವಿ. ನೋಡುವ ನಮ್ಮ ಕಣ್ಣು ಮಾತ್ರವಲ್ಲ, ನಮ್ಮ ಮಕ್ಕಳ ಮತ್ತು ನಮ್ಮದೇ ಬುದ್ಧಿಯನ್ನು ಅಳೆಯುವ ರೀತಿಯೂ ಬದಲಾಗುತ್ತದೆ.

ಕಷ್ಟ ಎಂದರೆ ಯಾರಿಗೆ?

ಬ್ರಿಟನ್ನಿನಲ್ಲಿ 1998ರಲ್ಲಿ ಆರಂಭವಾದ 'ಹೂ ವಾಂಟ್ಸ್ ಟು ಬಿ ಎ ಮಿಲಿಯನೇರ್' ಎಂಬ ಕಾರ್ಯಕ್ರಮದ ಭಾರತೀಯ ರೂಪವೇ 'ಕೌನ್ ಬನೇಗಾ ಕರೋಡ್‌ಪತಿ'. 2000ದ ಜುಲೈ 3ರಂದು ಅಮಿತಾಭ್ ಬಚ್ಚನ್ ಅದನ್ನು ಆರಂಭಿಸಿದಾಗ ರಾತ್ರಿ ಒಂಬತ್ತು ಗಂಟೆಗೆ ಬೀದಿಗಳು ಬಿಕೋ ಎನ್ನುತ್ತಿದ್ದುದು ನಿಮಗೆ ನೆನಪಿರಬಹುದು. ಆಗ ಒಟ್ಟು 15 ಪ್ರಶ್ನೆಗಳು. ಸಾವಿರ ರೂಪಾಯಿಯಿಂದ ಶುರುವಾಗಿ ಒಂದು ಕೋಟಿಯವರೆಗೆ ಏರುತ್ತಿದ್ದವು. ಅದೇ ವರ್ಷ ಮೊದಲ ಕೋಟಿ ಗೆದ್ದವರು ಮುಂಬೈಯ ಹರ್ಷವರ್ಧನ ನವಾಥೆ. ಅವರಿಗೆ ಬಂದ ಕೊನೆಯ ಪ್ರಶ್ನೆ ಹೀಗಿತ್ತು: ಸಂಸತ್ತಿನ ಕಲಾಪಗಳಲ್ಲಿ ಭಾಗವಹಿಸಲು ಭಾರತದ ಸಂವಿಧಾನವು ಇವರಲ್ಲಿ ಯಾರಿಗೆ ಅವಕಾಶ ನೀಡಿದೆ? ಉತ್ತರ, ಅಟಾರ್ನಿ ಜನರಲ್.

ನಮ್ಮಲ್ಲಿ ಹೆಚ್ಚಿನವರಿಗೆ ಈ ಪ್ರಶ್ನೆ ಕಷ್ಟವೇ. ಆದರೆ ನವಾಥೆ ಆಗ ನಾಗರಿಕ ಸೇವಾ ಪರೀಕ್ಷೆಗೆ ಓದುತ್ತಿದ್ದ ಯುವಕ. ಸಂವಿಧಾನವನ್ನು ಓದಿ ಅರಗಿಸಿಕೊಂಡವರಿಗೆ ಅದು ಪರಿಚಯದ ದಾರಿ. ಅಂದರೆ ಒಂದು ಕೋಟಿಯ ಪ್ರಶ್ನೆ ಅವರ ಮೇಜಿನ ಮೇಲಿದ್ದ ಪುಸ್ತಕದಿಂದಲೇ ಬಂದಿತ್ತು.

ಇನ್ನೊಂದು ಉದಾಹರಣೆ ನೋಡಿ. ಇದೇ ಕಾರ್ಯಕ್ರಮದ ಅಮೆರಿಕದ ಆವೃತ್ತಿಯಲ್ಲಿ 1999ರ ನವೆಂಬರ್‌ನಲ್ಲಿ ಜಾನ್ ಕಾರ್ಪೆಂಟರ್ ಎಂಬವರು ಹತ್ತು ಲಕ್ಷ ಡಾಲರಿನ ಪ್ರಶ್ನೆಯವರೆಗೆ ತಲುಪಿದರು. 'ಲಾಫ್-ಇನ್' ಎಂಬ ಹಾಸ್ಯ ಧಾರಾವಾಹಿಯಲ್ಲಿ ಕಾಣಿಸಿಕೊಂಡ ಅಧ್ಯಕ್ಷರು ಯಾರು ಎಂಬುದು ಪ್ರಶ್ನೆ. ಅವರು ಗೆಳೆಯರಿಗೆ ಫೋನ್ ಮಾಡುವ ಅವಕಾಶ ಬಳಸಿ ತಂದೆಗೆ ಕರೆ ಮಾಡಿದರು. ಸಹಾಯ ಕೇಳಲಿಕ್ಕಲ್ಲ, "ನಾನು ಗೆಲ್ಲುತ್ತಿದ್ದೇನೆ" ಎಂದು ತಿಳಿಸಲಿಕ್ಕೆ! ಉತ್ತರ ರಿಚರ್ಡ್ ನಿಕ್ಸನ್. ಆ ಕಾಲದ ಅಮೆರಿಕದ ಮನೆಗಳಲ್ಲಿ ಟಿ.ವಿ. ನೋಡುತ್ತಿದ್ದವರಿಗೆ ಇದು ಮಾತಿನ ಮಧ್ಯೆ ಬಂದುಹೋಗುವ ವಿಷಯ. ನಮ್ಮೂರಿನ ಕಾಲೇಜು ಅಧ್ಯಾಪಕರಿಗೂ ಇದು ಗೊತ್ತಿರಲಾರದು.

ಈಗ ನಿಮ್ಮ ಅಡುಗೆಮನೆಯಿಂದಲೇ ಒಂದು ಪ್ರಶ್ನೆ ತೆಗೆಯೋಣ. ಒಂದು ಸೇರಿಗೆ ಎಷ್ಟು ಪಾವು? ಮನೆಯ ಅಜ್ಜಿ ಕಣ್ಣು ಮಿಟುಕಿಸದೆ 'ನಾಲ್ಕು' ಎನ್ನುತ್ತಾರೆ. ಕಂಪ್ಯೂಟರ್ ಕಲಿತ ಮೊಮ್ಮಗ ಛಾವಣಿ ನೋಡುತ್ತಾನೆ. ಶಾಬಾನ್ ಆದ ಮೇಲೆ ಬರುವ ತಿಂಗಳು ಯಾವುದು ಎಂದರೆ ನಿಮ್ಮ ಮನೆಯ ಆರು ವರ್ಷದ ಮಗುವೂ 'ರಮಝಾನ್' ಎಂದು ಕೂಗುತ್ತದೆ. ಪಕ್ಕದ ಮನೆಯ ಮಗುವಿಗೆ ಅದು ಕಷ್ಟ. ಆದರೆ ಚೈತ್ರದ ನಂತರ ಯಾವ ಮಾಸ ಎಂದು ಕೇಳಿ, ಪಕ್ಕದ ಮನೆಯ ಮಗು 'ವೈಶಾಖ' ಎನ್ನುವಾಗ ನಮ್ಮ ಮಗು ಬಾಯಿ ಬಿಡುತ್ತದೆ. ಇವರಲ್ಲಿ ಯಾರು ಬುದ್ಧಿವಂತರು? ಇಬ್ಬರೂ ಹೌದು. ಯಾರ ಬದುಕಿನಿಂದ ಪ್ರಶ್ನೆಯನ್ನು ಹೆಕ್ಕಿದ್ದಾರೋ ಅವರಿಗೆ ಅದು ಸುಲಭ, ಅಷ್ಟೇ.

ಆದ್ದರಿಂದ ಒಂದು ಪ್ರಶ್ನೆ ಕಷ್ಟವಾದ ಮಾತ್ರಕ್ಕೆ ಅದು ಅನ್ಯಾಯವಾಗುವುದಿಲ್ಲ. ಆದರೆ ಎಲ್ಲ ಪ್ರಶ್ನೆಗಳೂ ಒಂದೇ ಬಗೆಯ ಜನರ ಬದುಕಿನಿಂದ ಬಂದರೆ ಅಲ್ಲಿ ಅನ್ಯಾಯದ ವಾಸನೆ ಇದೆ. ಕ್ರಿಕೆಟ್, ಸಿನಿಮಾ, ಷೇರುಪೇಟೆಗಳ ಜೊತೆ ಹೊಲಿಗೆ, ಬೀಜ-ಗೊಬ್ಬರ, ಮನೆಮದ್ದು, ಸಂತೆ, ಸುಗ್ಗಿಗಳ ಬಗ್ಗೆಯೂ ಕೇಳುವ ಕಾರ್ಯಕ್ರಮದಲ್ಲಿ ಮಾತ್ರ ಎಲ್ಲರಿಗೂ ಜಾಗ ಇರುತ್ತದೆ.

ಆಯ್ಕೆಗಳಲ್ಲಿ ಅಡಗಿರುವ ಕಷ್ಟ

ಪ್ರಶ್ನೆಯ ಭಾರ ಪ್ರಶ್ನೆಯಲ್ಲಷ್ಟೇ ಇರುವುದಿಲ್ಲ, ಕೊಟ್ಟಿರುವ ನಾಲ್ಕು ಆಯ್ಕೆಗಳಲ್ಲೂ ಇರುತ್ತದೆ. ಬಿಜಾಪುರದ ಗೋಳಗುಮ್ಮಟ ಯಾರ ಸಮಾಧಿ ಎಂದು ಕೇಳಿ ಅಕ್ಬರ್, ಟಿಪ್ಪು ಸುಲ್ತಾನ್, ಕೃಷ್ಣದೇವರಾಯ, ಮುಹಮ್ಮದ್ ಆದಿಲ್ ಶಾ ಎಂಬ ಹೆಸರುಗಳನ್ನು ಕೊಡಿ. ಐದನೆಯ ತರಗತಿಯ ಮಗು ಉತ್ತರಿಸುತ್ತದೆ. ಅದೇ ಪ್ರಶ್ನೆಗೆ ಯೂಸುಫ್ ಆದಿಲ್ ಶಾ, ಅಲಿ ಆದಿಲ್ ಶಾ, ಇಬ್ರಾಹೀಂ ಆದಿಲ್ ಶಾ, ಮುಹಮ್ಮದ್ ಆದಿಲ್ ಶಾ ಎಂದು ಕೊಡಿ. ಬಿಜಾಪುರಕ್ಕೆ ಹೋಗಿ ಬಂದವರೂ ಯೋಚನೆಗೆ ಬೀಳುತ್ತಾರೆ. ಇಬ್ರಾಹೀಂ ರೋಜಾ ಎಂಬ ಇನ್ನೊಂದು ಸುಂದರ ಸಮಾಧಿಯೂ ಅದೇ ಊರಿನಲ್ಲಿರುವುದರಿಂದ ಗೊಂದಲ ಹೆಚ್ಚುತ್ತದೆ. ಪ್ರಶ್ನೆಯ ಒಂದು ಅಕ್ಷರವೂ ಬದಲಾಗಿಲ್ಲ, ಬೆಲೆ ಮಾತ್ರ ಸಾವಿರದಿಂದ ಲಕ್ಷಕ್ಕೆ ಏರಿಬಿಟ್ಟಿತು!

ಇನ್ನು ಹಣದ ಭಾರ. 2000ದ ನಿಯಮದಂತೆ 50 ಲಕ್ಷ ಗೆದ್ದವರು ಕೋಟಿಯ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟರೆ 3 ಲಕ್ಷ 20 ಸಾವಿರಕ್ಕೆ ಜಾರುತ್ತಿದ್ದರು. ಅಂದರೆ ಒಂದು ತಪ್ಪು ಮಾತಿಗೆ 46 ಲಕ್ಷ 80 ಸಾವಿರ ರೂಪಾಯಿ ನಷ್ಟ. ಸ್ವಂತ ಮನೆ ಇರುವವನು "ಆದದ್ದಾಗಲಿ" ಎಂದು ಊಹೆ ಮಾಡಬಹುದು. ಬಾಡಿಗೆ ಮನೆಯಲ್ಲಿದ್ದು, ಮಗಳ ಓದಿಗೆ ಸಾಲ ಮಾಡಿರುವ ತಾಯಿಗೆ ಆ ಧೈರ್ಯ ಎಲ್ಲಿಂದ ಬರಬೇಕು? ಇಬ್ಬರ ಜ್ಞಾನವೂ ಒಂದೇ, ಪ್ರಶ್ನೆಯೂ ಒಂದೇ. ಆದರೆ ಒಬ್ಬರಿಗೆ ಅದು ಆಟ, ಇನ್ನೊಬ್ಬರಿಗೆ ಬದುಕು. ಸೋಫಾದ ಮೇಲೆ ಕುಳಿತು "ಹೇಳಿಬಿಡಬೇಕಿತ್ತು" ಎನ್ನುವ ನಾವು ಇದನ್ನು ಮರೆಯುತ್ತೇವೆ. ನಾವು ಕಳೆದುಕೊಳ್ಳುವುದು ಏನೂ ಇಲ್ಲವಲ್ಲ!

ಏಣಿ ಇರುವ ಪ್ರಶ್ನೆ

ಹಾಗಾದರೆ ಒಳ್ಳೆಯ ಕಷ್ಟದ ಪ್ರಶ್ನೆ ಎಂದರೆ ಯಾವುದು? 2011ರಲ್ಲಿ ಬಿಹಾರದ ಮೋತಿಹಾರಿಯ ಸುಶೀಲ್ ಕುಮಾರ್ ಎಂಬ ಕಂಪ್ಯೂಟರ್ ಆಪರೇಟರ್ ಐದು ಕೋಟಿ ಗೆದ್ದ ಪ್ರಶ್ನೆಯನ್ನು ನೋಡಿ. 1868ರಲ್ಲಿ ನಿಕೋಬಾರ್ ದ್ವೀಪಗಳ ಹಕ್ಕನ್ನು ಬ್ರಿಟಿಷರಿಗೆ ಮಾರಿ ಭಾರತದಿಂದ ಕಾಲ್ತೆಗೆದ ವಸಾಹತು ಶಕ್ತಿ ಯಾವುದು? ಆಯ್ಕೆಗಳು ಬೆಲ್ಜಿಯಂ, ಇಟಲಿ, ಡೆನ್ಮಾರ್ಕ್, ಫ್ರಾನ್ಸ್.

ನಿಮಗೆ ಉತ್ತರ ಗೊತ್ತಿಲ್ಲ ಎಂದೇ ಇಟ್ಟುಕೊಳ್ಳಿ. ಆದರೂ ಯೋಚಿಸಬಹುದು. ಫ್ರೆಂಚರು 1954ರವರೆಗೂ ಪಾಂಡಿಚೇರಿಯಲ್ಲಿ ಇದ್ದರು. ಹಾಗಾದರೆ 1868ರಲ್ಲೇ ಹೊರಟುಹೋದವರು ಅವರಲ್ಲ. ಬೆಲ್ಜಿಯಂ, ಇಟಲಿಗಳ ವಸಾಹತು ಭಾರತದಲ್ಲಿ ಇದ್ದುದನ್ನು ಶಾಲೆಯ ಪಾಠದಲ್ಲಿ ಓದಿದ ನೆನಪಿಲ್ಲ. ತಮಿಳುನಾಡಿನ ತರಂಗಂಬಾಡಿಯಲ್ಲಿ ಡೇನರ ಕೋಟೆ ಇದೆ ಎಂದು ಎಲ್ಲೋ ಓದಿದ್ದೀರಿ. ಉತ್ತರ ಸಿಕ್ಕಿತು, ಡೆನ್ಮಾರ್ಕ್. ಈ ಪ್ರಶ್ನೆ ಎತ್ತರದ ಗೋಡೆಯೇ ಸರಿ, ಆದರೆ ಪಕ್ಕದಲ್ಲಿ ಏಣಿಯೂ ಇದೆ. ಕಂಠಪಾಠ ಮಾಡದಿದ್ದರೂ ಓದಿದ್ದನ್ನು ಜೋಡಿಸಿ ನೋಡಬಲ್ಲವರು ಹತ್ತಬಹುದು. ಕಷ್ಟದ ಪ್ರಶ್ನೆಯ ನ್ಯಾಯ ಇರುವುದು ಇಲ್ಲಿಯೇ.

ಸುಳಿವುಗಳ ಮೇಲೆಯೇ ನಿಂತಿರುವ ಒಂದು ಕಾರ್ಯಕ್ರಮ ಅಮೆರಿಕದಲ್ಲಿದೆ. ಹೆಸರು 'ಜೆಪರ್ಡಿ'. 1964ರಲ್ಲಿ ಆರಂಭವಾಯಿತು. ಅದರಲ್ಲಿ ಉತ್ತರದಂತಿರುವ ಸುಳಿವನ್ನು ಮೊದಲು ಕೊಡುತ್ತಾರೆ, ಸ್ಪರ್ಧಿ ಪ್ರಶ್ನೆಯ ರೂಪದಲ್ಲಿ ಮಾತನಾಡಬೇಕು. ಈ ಉಪಾಯ ಹೊಳೆದದ್ದು ನಿರ್ಮಾಪಕ ಮರ್ವ್ ಗ್ರಿಫಿನ್ ಅವರಿಗಲ್ಲ, ಅವರ ಪತ್ನಿ ಜುಲಾನ್ ಅವರಿಗೆ. ವಿಮಾನ ಪ್ರಯಾಣದಲ್ಲಿ ಗಂಡ ಹೊಸ ಕಾರ್ಯಕ್ರಮದ ಚಿಂತೆಯಲ್ಲಿದ್ದಾಗ "ಉತ್ತರವನ್ನೇ ಕೊಟ್ಟು ಪ್ರಶ್ನೆ ಕೇಳಿದರೆ ಹೇಗೆ?" ಎಂದು ಆಕೆ ಸೂಚಿಸಿದರು. '5,280' ಎಂದರು. ಒಂದು ಮೈಲಿಗೆ ಎಷ್ಟು ಅಡಿ ಎಂಬ ಪ್ರಶ್ನೆ ಅದಕ್ಕೆ ಹೊಂದುತ್ತದೆ. ಆ ಒಂದು ಮಾತಿನಿಂದ ದಶಕಗಳ ಕಾಲ ನಡೆದ ಕಾರ್ಯಕ್ರಮವೇ ಹುಟ್ಟಿತು.

ಜೆಪರ್ಡಿಯಲ್ಲಿ ಪ್ರತಿ ವಿಷಯಕ್ಕೂ ಐದು ಸುಳಿವುಗಳು. ಕೆಳಗೆ ಇಳಿದಂತೆ ಹಣವೂ ಹೆಚ್ಚು, ಕಷ್ಟವೂ ಹೆಚ್ಚು. ತಪ್ಪು ಹೇಳಿದರೆ ಅಷ್ಟೇ ಹಣ ಕಡಿತ. ಮೊದಲು ಸುಳಿವನ್ನು ಓದುತ್ತಿರುವಾಗಲೇ ಗುಂಡಿ ಒತ್ತಬಹುದಿತ್ತು. 1985ರಿಂದ, ನಿರೂಪಕರು ಪೂರ್ತಿ ಓದಿ ಮುಗಿಸಿದ ಮೇಲೆಯೇ ಒತ್ತಬೇಕೆಂದು ನಿಯಮ ಮಾಡಿದರು. ಮನೆಯಲ್ಲಿ ಕುಳಿತ ವೀಕ್ಷಕರಿಗೂ ಸುಳಿವನ್ನು ಪೂರ್ತಿ ಕೇಳಿ ಯೋಚಿಸುವ ಅವಕಾಶ ಸಿಕ್ಕಿತು. ಆದರೂ ಅಲ್ಲಿ ಬೆರಳಿನ ವೇಗದ ಪಾತ್ರ ದೊಡ್ಡದೇ. ಮೂವರಿಗೂ ಉತ್ತರ ಗೊತ್ತಿದ್ದರೆ ಬೆರಳು ಚುರುಕಾಗಿದ್ದವನಿಗೆ ಹಣ. ನಿಧಾನವಾಗಿ ಯೋಚಿಸುವವರು ದಡ್ಡರಲ್ಲ ಎಂಬುದನ್ನು ಇಂತಹ ಆಟ ನೋಡುವಾಗ ಮಕ್ಕಳಿಗೆ ಹೇಳಿಕೊಡಬೇಕು.

ಪ್ರಶ್ನೆಯೇ ತಪ್ಪಾದಾಗ

ಈಗ ನಿಜವಾದ ಅನ್ಯಾಯದ ಮಾತಿಗೆ ಬರೋಣ. ತಿಳಿದವನು ಸರಿಯಾಗಿಯೇ ಹೇಳಿದರೂ ಸೋಲುವಂತೆ ಪ್ರಶ್ನೆ ಇದ್ದರೆ ಅದು ಅನ್ಯಾಯ.

1999ರಲ್ಲಿ ಅಮೆರಿಕದ ಮಿಲಿಯನೇರ್ ಕಾರ್ಯಕ್ರಮದಲ್ಲಿ ಉತ್ತರ ಅಮೆರಿಕದ ಮಹಾ ಸರೋವರಗಳಲ್ಲಿ ಸುಪೀರಿಯರ್ ಬಿಟ್ಟರೆ ವಿಸ್ತೀರ್ಣದಲ್ಲಿ ದೊಡ್ಡದು ಯಾವುದು ಎಂದು ಕೇಳಿದರು. ಸ್ಪರ್ಧಿ 'ಹ್ಯೂರನ್' ಎಂದ. ಕಾರ್ಯಕ್ರಮದವರ ಬಳಿಯಿದ್ದ ಉತ್ತರ 'ಮಿಷಿಗನ್'. ಆತನನ್ನು ಮನೆಗೆ ಕಳಿಸಿದರು. ಆದರೆ ಭೂಗೋಳ ಆತನ ಪರವಾಗಿತ್ತು. ಹ್ಯೂರನ್ ಸುಮಾರು 59,600 ಚದರ ಕಿಲೋಮೀಟರ್, ಮಿಷಿಗನ್ ಸುಮಾರು 58,000. ತಪ್ಪು ತಿಳಿದ ಮೇಲೆ ಆತನನ್ನು ಮತ್ತೆ ಕರೆಸಿ ಆಟ ಮುಂದುವರಿಸಿದರು.

ಬ್ರಿಟನ್ನಿನಲ್ಲಿ 2006ರಲ್ಲಿ ಇನ್ನೂ ಸೂಕ್ಷ್ಮವಾದ ಪ್ರಕರಣ ನಡೆಯಿತು. ಒಳಾಂಗಣ ವಿನ್ಯಾಸಕ ಲಾರೆನ್ಸ್ ಲೆವೆಲಿನ್-ಬೋವೆನ್ ಮತ್ತು ಅವರ ಪತ್ನಿ ಜಾಕಿ ಧರ್ಮಾರ್ಥವಾಗಿ ಆಡುತ್ತ ಐದು ಲಕ್ಷ ಪೌಂಡಿನವರೆಗೆ ಬಂದಿದ್ದರು. ಲ್ಯಾಟಿನ್ ಭಾಷೆಯಿಂದ ಅನುವಾದಿಸಿದರೆ ಅಮೆರಿಕದ ಧ್ಯೇಯವಾಕ್ಯ ಯಾವುದು ಎಂಬುದು ಹತ್ತು ಲಕ್ಷದ ಪ್ರಶ್ನೆ. ಅವರು 'ದೇವರಲ್ಲಿ ನಮ್ಮ ನಂಬಿಕೆ' ಎಂಬುದನ್ನು ಆರಿಸಿ 4,68,000 ಪೌಂಡ್ ಕಳೆದುಕೊಂಡರು. ಕಾರ್ಯಕ್ರಮದವರ ಉತ್ತರ 'ಅನೇಕದಿಂದ ಏಕ' ಎಂಬುದಾಗಿತ್ತು. ಆದರೆ 1956ರಿಂದ ಅಮೆರಿಕದ ಅಧಿಕೃತ ಧ್ಯೇಯವಾಕ್ಯ ದಂಪತಿ ಹೇಳಿದ್ದೇ. ಅದು ಲ್ಯಾಟಿನ್‌ನಿಂದ ಬಂದದ್ದಲ್ಲ. 'ಅನೇಕದಿಂದ ಏಕ' ಎಂಬುದು ಲ್ಯಾಟಿನ್ ಮಾತು, ಆದರೆ ಅಧಿಕೃತ ಧ್ಯೇಯವಾಕ್ಯವಲ್ಲ. ಒಂದು ಪ್ರಶ್ನೆಯೊಳಗೆ ಎರಡು ದಾರಿ! ಪ್ರಶ್ನೆಯಲ್ಲಿ ಗೊಂದಲವಿದೆ ಎಂದು ಒಪ್ಪಿ ಅವರನ್ನು ಮತ್ತೆ ಕರೆದು, ಐದು ಲಕ್ಷವನ್ನು ಮರಳಿಸಿ ಹೊಸ ಪ್ರಶ್ನೆ ಕೇಳಿದರು. ದಂಪತಿ ಉತ್ತರಿಸಲು ಹೋಗದೆ ಇದ್ದ ಹಣಕ್ಕೇ ತೃಪ್ತಿಪಟ್ಟರು.

ಇದು ದೂರದ ಕಥೆ ಎಂದುಕೊಳ್ಳಬೇಡಿ. ನಿಮ್ಮ ಮಗುವಿನ ಸಾಮಾನ್ಯ ಜ್ಞಾನದ ಪುಸ್ತಕ ತೆರೆದು ನೋಡಿ. ಕರ್ನಾಟಕದಲ್ಲಿ ಎಷ್ಟು ಜಿಲ್ಲೆಗಳಿವೆ? ಅಣ್ಣನ ಕಾಲದ ಹಳೆಯ ಪುಸ್ತಕದಲ್ಲಿ 27 ಎಂದಿರಬಹುದು. 1997ರ ಮಟ್ಟಿಗೆ ಅದು ಸರಿ. 2007ರಲ್ಲಿ ರಾಮನಗರ, ಚಿಕ್ಕಬಳ್ಳಾಪುರ ಸೇರಿ 29 ಆಯಿತು. ಯಾದಗಿರಿ ಸೇರಿ 30. 2021ರಲ್ಲಿ ವಿಜಯನಗರ ಸೇರಿ 31. ಹಳೆಯ ಪುಸ್ತಕ ಹಿಡಿದು ಪ್ರಶ್ನೆ ಕೇಳಿದರೆ ಸರಿ ಹೇಳಿದ ಮಗುವೇ ಪೆಟ್ಟು ತಿನ್ನುತ್ತದೆ. ಹಾಗೆಯೇ 'ಕರ್ನಾಟಕದ ಅತಿ ಉದ್ದದ ನದಿ ಯಾವುದು?' ಎಂಬ ಪ್ರಶ್ನೆ. ಒಬ್ಬಳು ಕೃಷ್ಣೆ ಎನ್ನುತ್ತಾಳೆ. ಅದು ಮಹಾರಾಷ್ಟ್ರದಲ್ಲಿ ಹುಟ್ಟಿ ನಮ್ಮ ನಾಡಿನ ಮೂಲಕ ಹರಿಯುತ್ತದೆ. ಇನ್ನೊಬ್ಬಳು ನಮ್ಮ ಕೊಡಗಿನಲ್ಲೇ ಹುಟ್ಟಿದ ಕಾವೇರಿ ಎನ್ನುತ್ತಾಳೆ. ಹುಟ್ಟುವ ನದಿಯೋ, ಹರಿಯುವ ನದಿಯೋ ಎಂದು ಹೇಳದೆ ಕೇಳಿದವರದೇ ತಪ್ಪು.

ಉತ್ತರ ಮೊದಲೇ ಕೈ ಸೇರಿದಾಗ

"ಎಲ್ಲ ಮೊದಲೇ ಹೇಳಿಕೊಟ್ಟಿರುತ್ತಾರೆ" ಎಂಬ ಮನೆ ಯಜಮಾನರ ಸಂಶಯಕ್ಕೂ ಇತಿಹಾಸವಿದೆ. 1956ರಲ್ಲಿ ಅಮೆರಿಕದ 'ಟ್ವೆಂಟಿ-ಒನ್' ಎಂಬ ಕಾರ್ಯಕ್ರಮದಲ್ಲಿ ಹರ್ಬರ್ಟ್ ಸ್ಟೆಂಪೆಲ್ ಎಂಬಾತ ಗೆಲ್ಲುತ್ತಾ ಹೋಗುತ್ತಿದ್ದ. ನಿರ್ಮಾಪಕರಿಗೆ ಹೊಸ ಮುಖ ಬೇಕಿತ್ತು. ಕೊಲಂಬಿಯಾ ವಿಶ್ವವಿದ್ಯಾಲಯದ ಸುಂದರ ಯುವ ಅಧ್ಯಾಪಕ ಚಾರ್ಲ್ಸ್ ವಾನ್ ಡೋರನ್‌ಗೆ ಸೋಲಬೇಕೆಂದು ಸ್ಟೆಂಪೆಲ್‌ಗೆ ಸೂಚನೆ ಬಂತು. 1955ರ ಅತ್ಯುತ್ತಮ ಚಿತ್ರವಾಗಿ ಆಸ್ಕರ್ ಪಡೆದ ಸಿನಿಮಾ ಯಾವುದು ಎಂಬ ಪ್ರಶ್ನೆಗೆ ಅವನು ತಪ್ಪು ಹೇಳಬೇಕಿತ್ತು. ಉತ್ತರ 'ಮಾರ್ಟಿ'. ಅದು ಅವನಿಗೆ ಬಹಳ ಇಷ್ಟವಾಗಿದ್ದ ಚಿತ್ರ! ಗೊತ್ತಿದ್ದೂ ಬೇರೆ ಹೆಸರು ಹೇಳಿ ಸೋತ. ವಾನ್ ಡೋರನ್ ದೇಶದ ಕಣ್ಮಣಿಯಾದ. 1959ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ, ತನಗೆ ಪ್ರಶ್ನೆಗಳೂ ಉತ್ತರಗಳೂ ಮೊದಲೇ ಸಿಗುತ್ತಿದ್ದವು ಎಂದು ಒಪ್ಪಿಕೊಂಡ. 1960ರಲ್ಲಿ ಇಂತಹ ಮೋಸವನ್ನು ಅಪರಾಧವೆಂದು ಸಾರುವ ಕಾನೂನು ಬಂತು.

ಮೋಸ ಸ್ಪರ್ಧಿಗಳ ಕಡೆಯಿಂದಲೂ ನಡೆಯಬಹುದು. 2001ರಲ್ಲಿ ಬ್ರಿಟನ್ನಿನ ಸೇನೆಯ ಮೇಜರ್ ಒಬ್ಬರು ಹತ್ತು ಲಕ್ಷ ಪೌಂಡ್ ಗೆದ್ದಾಗ, ಸರಿ ಉತ್ತರದ ಹೊತ್ತಿಗೆ ಸಭೆಯಿಂದ ಕೆಮ್ಮು ಕೇಳಿಬಂದದ್ದನ್ನು ಗುರುತಿಸಲಾಯಿತು. ಹಣ ಕೊಡಲಿಲ್ಲ. 2003ರಲ್ಲಿ ನ್ಯಾಯಾಲಯ ಅವರನ್ನು ತಪ್ಪಿತಸ್ಥರೆಂದು ತೀರ್ಮಾನಿಸಿತು.

ಆದರೆ ಸಂಶಯವೆಲ್ಲವೂ ಸತ್ಯವಲ್ಲ. 2000ದ ನವೆಂಬರ್‌ನಲ್ಲಿ ಬ್ರಿಟನ್ನಿನ ಕಾರ್ಯಕ್ರಮದಲ್ಲಿ ಮೊತ್ತಮೊದಲು ಹತ್ತು ಲಕ್ಷ ಪೌಂಡ್ ಗೆದ್ದವರು ಒಬ್ಬ ಮಹಿಳೆ, ಜುಡಿತ್ ಕೆಪೆಲ್. ಕೊನೆಯ ಪ್ರಶ್ನೆ ಅಕ್ವಿಟೇನಿನ ಎಲಿನೋರ್ ಎಂಬ ರಾಣಿಯ ಪತಿ ಯಾವ ರಾಜ ಎಂಬುದು. ಉತ್ತರ ಎರಡನೆಯ ಹೆನ್ರಿ. ಪ್ರಶ್ನೆಗಳು ಸುಲಭವಾಗಿದ್ದವು, ಬೇಕೆಂದೇ ಗೆಲ್ಲಿಸಿದರು ಎಂದು ದೂರು ಹೋಯಿತು. ಅಲ್ಲಿನ ಟಿ.ವಿ. ಆಯೋಗವು ಪರಿಶೀಲಿಸಿ ದೂರನ್ನು ತಳ್ಳಿಹಾಕಿತು. ಮಹಿಳೆ ಗೆದ್ದಾಗ 'ಪ್ರಶ್ನೆ ಸುಲಭವಿತ್ತು' ಎನ್ನುವುದು ಎಷ್ಟು ಸುಲಭ ನೋಡಿ! ಆಧಾರವಿಲ್ಲದೆ ಯಾರ ಮೇಲೂ ಕೆಟ್ಟ ಸಂಶಯ ಪಡಬಾರದು ಎಂಬ ಶಿಸ್ತು ಟಿ.ವಿ.ಯ ಮುಂದೆಯೂ ಇರಬೇಕಲ್ಲವೇ?

ತೀರ ಸುಲಭವಾದರೆ ಎಚ್ಚರ!

ನಾವು ಕಷ್ಟದ ಪ್ರಶ್ನೆಗೆ ಹೆದರುತ್ತೇವೆ. ಆದರೆ ಮನೆಯ ಹಣಕ್ಕೆ ಕುತ್ತು ತರುವುದು ತೀರ ಸುಲಭದ ಪ್ರಶ್ನೆ. 2007ರಲ್ಲಿ ಶಾರುಖ್ ಖಾನ್ ನಡೆಸಿಕೊಟ್ಟ ಕರೋಡ್‌ಪತಿಯ ಸಂದರ್ಭದಲ್ಲಿ ಮನೆಯಲ್ಲಿ ಕುಳಿತ ವೀಕ್ಷಕರಿಗೂ ಒಂದು ಸ್ಪರ್ಧೆ ಇತ್ತು. ಒಂದು ಪ್ರಶ್ನೆಗೆ ಮೊಬೈಲಿನಿಂದ ಸಂದೇಶ ಕಳಿಸಬೇಕು. ಸರಿ ಉತ್ತರ ಕಳಿಸಿದವರಲ್ಲಿ ಒಬ್ಬರನ್ನು ಚೀಟಿ ಎತ್ತಿದಂತೆ ಆರಿಸಿ ಎರಡು ಲಕ್ಷ ರೂಪಾಯಿ. ಒಂದು ಸಂದೇಶದ ಬೆಲೆ 2 ರೂಪಾಯಿ 40 ಪೈಸೆ. ಬಹುಮಾನದ ಹಣ ಸಂದೇಶ ಕಳಿಸಿದವರ ಜೇಬಿನಿಂದಲೇ ಬರುತ್ತಿದೆ ಎಂದು ಗ್ರಾಹಕರ ಸಂಘಟನೆಯೊಂದು ದೂರಿತು. ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಒಂದು ಕೋಟಿ ರೂಪಾಯಿ ದಂಡ ವಿಧಿಸಿತು. ಮುಂದೆ ಸುಪ್ರೀಂ ಕೋರ್ಟ್, ಆರೋಪಕ್ಕೆ ಸಾಕಷ್ಟು ಆಧಾರವಿಲ್ಲವೆಂದು ಆ ದಂಡವನ್ನು ರದ್ದುಪಡಿಸಿತು. ಕಾನೂನಿನ ತೀರ್ಪು ಏನೇ ಇರಲಿ, ನಾವು ಕೇಳಿಕೊಳ್ಳಬೇಕಾದ ಮಾತು ಒಂದಿದೆ. ಎಲ್ಲರಿಗೂ ಗೊತ್ತಿರುವ ಪ್ರಶ್ನೆಯಲ್ಲಿ ಗೆಲ್ಲಿಸುವುದು ಜ್ಞಾನವೋ, ಅದೃಷ್ಟವೋ? ಹಣ ಕೊಟ್ಟು ಅದೃಷ್ಟ ನೋಡುವುದು ಜೂಜಿಗೆ ಎಷ್ಟು ಹತ್ತಿರ ಎಂಬುದನ್ನು ನಮ್ಮ ಮನೆಗಳಲ್ಲಿ ಹೇಳಿಕೊಡಬೇಕಾಗಿಲ್ಲ.

ಈಗಿನ ಅಪಾಯ ಇನ್ನೂ ದೊಡ್ಡದು. ಕರೋಡ್‌ಪತಿ ಕಾರ್ಯಕ್ರಮದ ಹೆಸರು ಹೇಳಿ "ನಿಮಗೆ 25 ಲಕ್ಷದ ಲಾಟರಿ ಬಂದಿದೆ" ಎಂದು ವಾಟ್ಸ್‌ಆ್ಯಪ್‌ನಲ್ಲಿ ಸಂದೇಶ ಕಳಿಸಿ, ತೆರಿಗೆ, ಶುಲ್ಕ ಎಂದು ಹಣ ಕಿತ್ತುಕೊಳ್ಳುವ ವಂಚಕರ ಬಗ್ಗೆ ಪೊಲೀಸರು ಮತ್ತೆ ಮತ್ತೆ ಎಚ್ಚರಿಸಿದ್ದಾರೆ. ನೆನಪಿಡಿ, ಆಡದ ಆಟದಲ್ಲಿ ಯಾರೂ ಗೆಲ್ಲುವುದಿಲ್ಲ. ಬಹುಮಾನ ಕೊಡುವವರು ಮೊದಲು ನಿಮ್ಮಿಂದ ಹಣ ಕೇಳುವುದಿಲ್ಲ. ಒ.ಟಿ.ಪಿ., ಬ್ಯಾಂಕ್ ಖಾತೆಯ ವಿವರ ಯಾರಿಗೂ ಕೊಡಬೇಡಿ. ಮೋಸ ಹೋದದ್ದು ತಿಳಿದ ಕೂಡಲೇ ನಾಚಿಕೆಪಟ್ಟು ಮುಚ್ಚಿಡದೆ 1930 ಸಹಾಯವಾಣಿಗೆ ದೂರು ಕೊಡಿ.

ನಿಮ್ಮ ಮನೆಯ ಹಾಟ್ ಸೀಟ್

2010ರಲ್ಲಿ ಜಾರ್ಖಂಡಿನ ಗಿರಿಡೀಹ್‌ನ ಗೃಹಿಣಿ ರಾಹತ್ ತಸ್ಲೀಂ ಒಂದು ಕೋಟಿ ಗೆದ್ದರು. ಕರೋಡ್‌ಪತಿಯಲ್ಲಿ ಒಂದು ಕೋಟಿ ಮುಟ್ಟಿದ ಮೊದಲ ಮಹಿಳೆ ಅವರು. 2013ರಲ್ಲಿ ಉತ್ತರ ಪ್ರದೇಶದ ಸಹಾರನ್‌ಪುರದ ಫಿರೋಝ್ ಫಾತಿಮಾ ಒಂದು ಕೋಟಿ ಗೆದ್ದರು. 2020ರಲ್ಲಿ ನಾಝಿಯಾ ನಸೀಂ ಗೆದ್ದರು. ನಾಝಿಯಾ ಅವರಿಗೆ ಏಳು ಕೋಟಿಯ ಪ್ರಶ್ನೆ ಬಂತು. ಸುಭಾಷ್ ಚಂದ್ರ ಬೋಸರು ಸಿಂಗಾಪುರದ ಯಾವ ಸ್ಥಳದಲ್ಲಿ ಆಝಾದ್ ಹಿಂದ್ ಸರಕಾರವನ್ನು ಘೋಷಿಸಿದರು? ಉತ್ತರ ಕ್ಯಾಥೇ ಚಿತ್ರಮಂದಿರ. ಅವರು ಊಹೆಗೆ ಹೋಗದೆ ಒಂದು ಕೋಟಿಯೊಂದಿಗೆ ಎದ್ದು ಬಂದರು. 'ಗೊತ್ತಿಲ್ಲ' ಎಂದು ನೆಮ್ಮದಿಯಿಂದ ಹೇಳುವುದೂ ಒಂದು ತಿಳಿವಳಿಕೆ.

ಆ ಮೂವರನ್ನು ನೋಡಿ ಸಂತೋಷಪಡುವ ನಾವು, ನಮ್ಮದೇ ಮನೆಯಲ್ಲಿ ಪ್ರಶ್ನೆ ಬಂದಾಗ ಯಾರ ಮುಖ ನೋಡುತ್ತೇವೆ? ಗಂಡನದು, ಮಗನದು. "ನನಗೆ ಇದೆಲ್ಲ ಎಲ್ಲಿ ಗೊತ್ತು" ಎಂದು ನಾವೇ ಮೊದಲು ಹೇಳಿಬಿಡುತ್ತೇವೆ. ಗೆಳೆಯರಿಗೆ ಫೋನ್ ಮಾಡುವ ಅವಕಾಶವನ್ನು ಯೋಚಿಸಿ ನೋಡಿ. ಕಾಲೇಜು, ಕಚೇರಿ, ಸಂಘ-ಸಂಸ್ಥೆಗಳಲ್ಲಿ ಓಡಾಡಿದವರ ಫೋನಿನಲ್ಲಿ ವಕೀಲರು, ವೈದ್ಯರು, ಅಧ್ಯಾಪಕರು ಇರುತ್ತಾರೆ. ಹದಿನೆಂಟಕ್ಕೇ ಓದು ನಿಂತ ಹುಡುಗಿಯ ಫೋನಿನಲ್ಲಿ ತವರು ಮತ್ತು ಅತ್ತೆಮನೆಯ ಹೆಸರುಗಳಷ್ಟೇ. ಹಾಟ್ ಸೀಟಿನಲ್ಲಿ ಇಬ್ಬರಿಗೂ ಒಂದೇ ಅವಕಾಶ ಕೊಟ್ಟಂತೆ ಕಾಣುತ್ತದೆ. ಆದರೆ ಆ ಅಸಮಾನತೆ ಸ್ಟುಡಿಯೋದಲ್ಲಿ ಹುಟ್ಟಿದ್ದಲ್ಲ. ಅದು ನಮ್ಮ ಮನೆಗಳಲ್ಲಿ, ಮಗಳ ಓದನ್ನು ನಿಲ್ಲಿಸಿದ ದಿನವೇ ಹುಟ್ಟಿದ್ದು. ಅದನ್ನು ಯಾವ ಪ್ರಶ್ನೆಗಾರನೂ ಸರಿಪಡಿಸಲಾರ. ನಾವೇ ಸರಿಪಡಿಸಬೇಕು.

ಭಾಷೆಯೂ ಹಾಗೆಯೇ. 2012ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ನಿರೂಪಣೆಯಲ್ಲಿ 'ಕನ್ನಡದ ಕೋಟ್ಯಧಿಪತಿ' ಆರಂಭವಾದಾಗ, ಹಿಂದಿ ಬಾರದ ಎಷ್ಟೋ ಜನರಿಗೆ ಪ್ರಶ್ನೆಯ ಅರ್ಧ ಕಷ್ಟ ಕಳೆದುಹೋಯಿತು. ಅದಕ್ಕೂ ಮೊದಲೇ, 2002ರಲ್ಲಿ ದೂರದರ್ಶನದ ಚಂದನ ವಾಹಿನಿಯಲ್ಲಿ ಡಾ. ನಾ. ಸೋಮೇಶ್ವರ ಅವರ 'ಥಟ್ ಅಂತ ಹೇಳಿ' ಶುರುವಾಗಿತ್ತು. ಅಲ್ಲಿ ಬಹುಮಾನ ಕೋಟಿಯಲ್ಲ, ಕನ್ನಡ ಪುಸ್ತಕಗಳು. ಅಲ್ಲಿ ಸೋತರೂ ನಿದ್ದೆ ಕೆಡುವುದಿಲ್ಲ, ಗೆದ್ದರೆ ಮನೆಗೆ ಓದು ಬರುತ್ತದೆ.

ಇದನ್ನು ನೀವು ನಿಮ್ಮ ಮನೆಯಲ್ಲೇ ಮಾಡಬಹುದು. ರಜಾದಿನ, ಹಬ್ಬದ ಸಂಜೆ, ಮಹಿಳೆಯರ ಕೂಟ, ಮದ್ರಸದ ವಾರ್ಷಿಕೋತ್ಸವ, ಎಲ್ಲಿಯಾದರೂ ಒಂದು ಪುಟ್ಟ ರಸಪ್ರಶ್ನೆ ಇಡಿ. ಪ್ರಶ್ನೆ ಬರೆಯುವ ಮುನ್ನ ನಾಲ್ಕು ಮಾತು ನೆನಪಿರಲಿ.

ಮೊದಲನೆಯದು, ಉತ್ತರವನ್ನು ಎರಡು ಕಡೆ ನೋಡಿ ಖಚಿತಪಡಿಸಿಕೊಳ್ಳಿ. ಪುಸ್ತಕ ಯಾವ ವರ್ಷದ್ದು ಎಂದೂ ನೋಡಿ.

ಎರಡನೆಯದು, ಪ್ರಶ್ನೆಯನ್ನು ಮನೆಯ ಇನ್ನೊಬ್ಬರಿಗೆ ಓದಿ ಹೇಳಿ. ಅವರಿಗೆ ಎರಡು ಅರ್ಥ ಕಂಡರೆ ವಾಕ್ಯ ಬದಲಿಸಿ.

ಮೂರನೆಯದು, ಕಷ್ಟದ ಪ್ರಶ್ನೆಗೆ ಒಂದು ಸುಳಿವಿನ ಏಣಿ ಇಡಿ. 'ಕರ್ನಾಟಕದ ಒಂದು ದೊಡ್ಡ ಗುಮ್ಮಟದ ಹೆಸರೇನು' ಎನ್ನುವ ಬದಲು 'ಪಿಸುಮಾತೂ ಮತ್ತೆ ಮತ್ತೆ ಪ್ರತಿಧ್ವನಿಸುವ ಬಿಜಾಪುರದ ಗುಮ್ಮಟ' ಎಂದರೆ ಮಗು ಯೋಚಿಸಲು ಕಲಿಯುತ್ತದೆ.

ನಾಲ್ಕನೆಯದು, ಎಲ್ಲರ ಬದುಕಿನಿಂದಲೂ ಪ್ರಶ್ನೆ ತೆಗೆಯಿರಿ. ಅಜ್ಜಿಗೆ ಗೊತ್ತಿರುವುದು ಒಂದು, ಅಡುಗೆಮನೆಯದು ಒಂದು, ಗದ್ದೆಯದು ಒಂದು, ಪಾಠಪುಸ್ತಕದ್ದು ಒಂದು, ನೆರೆಮನೆಯವರ ಹಬ್ಬದ್ದು ಒಂದು.

ಮಗು ತಪ್ಪು ಉತ್ತರ ಹೇಳಿದರೆ ನಗಬೇಡಿ. "ಹೀಗೆ ಯಾಕೆ ಅನಿಸಿತು?" ಎಂದು ಕೇಳಿ. ಎಷ್ಟೋ ಸಲ ಮಗುವಿನ ದಾರಿ ಸರಿಯಾಗಿಯೇ ಇರುತ್ತದೆ, ನಮ್ಮ ಪ್ರಶ್ನೆಯೇ ಸೊಟ್ಟಗಿರುತ್ತದೆ. ಆಗ ಅಂಕವನ್ನು ತಿದ್ದಿ ಕೊಡಿ. ದೊಡ್ಡ ದೊಡ್ಡ ವಾಹಿನಿಗಳೇ ಸ್ಪರ್ಧಿಗಳನ್ನು ಮರಳಿ ಕರೆದು ತಪ್ಪು ತಿದ್ದಿಕೊಂಡಿರುವಾಗ ತಾಯಿಯೊಬ್ಬಳಿಗೆ ಅದರಲ್ಲಿ ಯಾವ ಅವಮಾನವೂ ಇಲ್ಲ. ನ್ಯಾಯ ಎಂದರೇನು ಎಂದು ಆ ಮಗು ಪುಸ್ತಕದಲ್ಲಿ ಓದುವ ಮೊದಲೇ ನಿಮ್ಮ ಕೈಯಲ್ಲಿ ನೋಡಿರುತ್ತದೆ.